ಹಾನಗಲ್ಲಿನಿಂದ ತವರಿಗೆ: ಸುತ್ತು ದಾರಿಯಲ್ಲಿ ಎರಡು ಸೈಕಲ್ಲು

ಸೈಕಲ್ ಮೇಲೆ ಹೊರಟ ಹೆಂಗಸಿಗೆ ದಾರಿಯಲ್ಲಿ ಏನೂ ಆಗದೆ ಇರುವುದು ನಮ್ಮ ಕಡೆ ಸಾಧ್ಯವಿಲ್ಲ. ಬಸ್ಸಿನಲ್ಲಿ ಹೋದರೆ ಊರು ಬರುತ್ತದೆ, ಇಳಿಯುತ್ತೇವೆ, ಮುಗಿಯಿತು. ಸೈಕಲ್ ಮೇಲೆ ಹೋದರೆ ಊರಿಗಿಂತ ಮೊದಲು ಊರಿನ ಜನ ಎದುರು ಬರುತ್ತಾರೆ.

ನಾನು ಎಲ್ಲವನ್ನೂ ಬರೆದಿಡುವವಳು. ಯಾವ ಎಮ್ಮೆ ಯಾವಾಗ ಈಯಿತು, ಯಾವ ಮೊಮ್ಮಗುವಿಗೆ ಮೊದಲ ಹಲ್ಲು ಯಾವ ವಾರ ಬಂತು, ಎಲ್ಲವೂ ನನ್ನ ನೋಟುಬುಕ್ಕಿನಲ್ಲಿವೆ. ಧಾರವಾಡದಲ್ಲಿ ಬಿ.ಎ. ಮುಗಿಸಿದವಳು, ಹಾಸ್ಟೆಲಿನಿಂದ ಕಾಲೇಜಿಗೆ ಮೂರು ವರ್ಷ ಸೈಕಲ್ ತುಳಿದವಳು. ನಮ್ಮ ಈ ಪ್ರವಾಸದ ಒಂದೊಂದು ದಿನವನ್ನೂ ಆ ದಿನವೇ ಬರೆದಿಟ್ಟಿದ್ದೇನೆ. ಇವು ಅದರಿಂದ ತೆಗೆದವು. ಯಾರ ಹೆಸರನ್ನೂ ಹಾಕಿಲ್ಲ. ಎಲ್ಲರೂ ಗಟ್ಟಿಮುಟ್ಟಾಗಿ ಬದುಕಿದ್ದಾರೆ, ಎಲ್ಲರಿಗೂ ಓದಲು ಬರುತ್ತದೆ.

ಷರತ್ತು

ಅರವತ್ತು ದಾಟಿದ ಮೇಲೆ ಮನೆಯಲ್ಲಿ ನನಗೆ ಎಲ್ಲರೂ ಹೇಳುವ ಮಾತು ಒಂದೇ. “ಅವ್ವಾ, ನೀ ಕುಂದ್ರು.” ಕೊಡ ಎತ್ತಲು ಹೋದರೆ ಕುಂದ್ರು, ಹೊಲಕ್ಕೆ ಹೊರಟರೆ ಕುಂದ್ರು. ಕೂತು ಕೂತು ನನಗೆ ಕಟ್ಟೆಯ ಮೇಲೇ ಸಿಟ್ಟು ಬಂದಿತ್ತು.

ಹಿರಿಯ ಸೊಸೆ ಹೈಸ್ಕೂಲಿನಲ್ಲಿ ಟೀಚರ್. ಅವಳು ಗೇರ್ ಇರುವ ಸೈಕಲ್ ಕೊಂಡಳು. ನಾನು ನನ್ನ ಹಳೆಯ ಸೈಕಲ್ಲಿನ ಧೂಳು ಒರೆಸಿ ಎಣ್ಣೆ ಬಿಟ್ಟೆ. ಒಂದು ಮುಂಜಾನೆ ಚಹಾ ಕುಡಿಯುತ್ತ ಇಬ್ಬರೂ ಒಂದು ನಿರ್ಧಾರಕ್ಕೆ ಬಂದೆವು. ಹಾನಗಲ್ಲಿನಿಂದ ಹಿರೇಕೆರೂರು ತಾಲ್ಲೂಕಿನ ನನ್ನ ತವರಿಗೆ ಸೈಕಲ್ ಮೇಲೆ ಹೋಗುವುದು. ನೇರ ದಾರಿ ಹಿಡಿದರೆ ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದ್ದರಿಂದ ತಡಸ, ಶಿಗ್ಗಾಂವಿ, ಸವಣೂರು ಸುತ್ತಿ, ಯಲವಿಗಿಯಲ್ಲಿ ಅವಳ ತವರನ್ನೂ ಮುಟ್ಟಿ, ಆಮೇಲೆ ನನ್ನ ತವರಿಗೆ. ಐದಾರು ತಾಲ್ಲೂಕು, ಒಂದು ವಾರ.

ನಮ್ಮ ಮನೆಯವರು ಬ್ಯಾಡ ಅನ್ನಲಿಲ್ಲ. ಬ್ಯಾಡ ಅಂದರೆ ನಾನು ಆ ದಿನವೇ ಹೊರಡುತ್ತೇನೆಂದು ಅವರಿಗೆ ಗೊತ್ತು. “ಹೋಗಾಕ ಹೋಗು,” ಎಂದರು. “ಆದ್ರ ನಡುವ ಬಸ್ಸು, ಟ್ರ್ಯಾಕ್ಟರು, ಬಂಡಿ ಏನರ ಒಂದು ಹತ್ತಿದಿ ಅಂದ್ರ, ಬಂದ ಮ್ಯಾಲೆ ಸೈಕಲ್ ಅಟ್ಟ ಸೇರ್ತೈತಿ. ಆಮ್ಯಾಲೆ ಆ ಮಾತು ಎತ್ತಂಗಿಲ್ಲ.”

ಅಟ್ಟ ಸೇರುವುದು ಸೈಕಲ್ ಒಂದೇ ಅಲ್ಲ, ಇನ್ನುಳಿದ ಆಯುಷ್ಯವೆಲ್ಲ ಕಟ್ಟೆಯ ಮೇಲೆಯೇ ಎಂದು ನನಗೆ ತಿಳಿಯಿತು. ನೋಟುಬುಕ್ಕು ತೆಗೆದು ಷರತ್ತನ್ನು ಅಕ್ಷರ ಬಿಡದೆ ಬರೆದು ಸಹಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಮದುವ್ಯಾಗ ಯಾರೂ ನನ್ನ ಸಹಿ ತಗೊಳ್ಳಲಿಲ್ಲ,” ಎಂದರು ಪೆನ್ನು ತೆರೆಯುತ್ತ. “ತಗೊಂಡಿದ್ರ ಅದನ್ನೂ ಹಿಂಗ ಪೂರಾ ಓದೇ ಹಾಕ್ತಿದ್ದೆ.”

ಪುಕ್ಕಟ ಬಸ್ಸು

ಮೊದಲ ದಿನ ತಡಸ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೆವು. ಅಂಗಡಿಯವ ಬಲು ಕಾಳಜಿಯ ಮನುಷ್ಯ.

“ಎಲ್ಲಿಗೆ ಹೊಂಟೀರಿ ಅವ್ವಾರ?”

“ಹಿರೇಕೆರೂರ ಕಡೆ.”

ಅವನು ಕೈಯಲ್ಲಿದ್ದ ಕಿಟ್ಲಿಯನ್ನು ಕೆಳಗಿಟ್ಟ. “ಯಪ್ಪಾ! ದಾರಿ ತಪ್ಪೀರಿ. ಹಿರೇಕೆರೂರು ಅತ್ತಾಗ ಐತಿ.” ನಾವು ಬಂದ ದಿಕ್ಕಿಗೇ ಕೈ ತೋರಿಸಿದ.

“ಗೊತ್ತೈತಿ. ಸುತ್ತಿ ಹೊಂಟೇವಿ.”

“ಯಾಕ್ರೀ?”

“ಸುಮ್ಮನ,” ಎಂದಳು ನನ್ನ ಸೊಸೆ.

ಬೆಂಚಿನ ಮೇಲೆ ಕುಳಿತವರೆಲ್ಲ ಬಸಿಯಲ್ಲಿನ ಚಹಾ ಊದುವುದನ್ನು ನಿಲ್ಲಿಸಿದರು. ಹರಕೆ ಎಂದಿದ್ದರೆ ಒಪ್ಪುತ್ತಿದ್ದರು. ಯಾರೋ ತೀರಿಕೊಂಡಿದ್ದಾರೆ, ಬಸ್ಸು ತಪ್ಪಿತು ಎಂದಿದ್ದರೂ ಒಪ್ಪುತ್ತಿದ್ದರು. ಸುಮ್ಮನೆ ಯಾರೂ ಬಿಸಿಲಲ್ಲಿ ಸೈಕಲ್ ತುಳಿಯುವುದಿಲ್ಲ. ಅಷ್ಟರಲ್ಲಿ ಹಾನಗಲ್ಲಿಗೆ ಹೋಗುವ ಬಸ್ಸು ಬಂತು. ಅಂಗಡಿಯವ ಎರಡೂ ಕೈ ಎತ್ತಿಕೊಂಡು ರಸ್ತೆಯ ನಡುವೆಯೇ ಓಡಿ ನಿಂತ.

ಕಂಡಕ್ಟರ್ ಇಳಿದು ಬಂದ. “ಹತ್ರಿ ಅವ್ವಾರ, ಪುಕ್ಕಟ ಐತಿ.”

“ಬ್ಯಾಡಪಾ.”

“ಆಧಾರ್ ಕಾರ್ಡ್ ಬಿಟ್ಟು ಬಂದೀರೇನು? ಮೊಬೈಲ್‌ನ್ಯಾಗ ತೋರಿಸಿದ್ರೂ ನಡೀತೈತಿ.”

“ಕಾರ್ಡ್ ಐತಿ. ನಮಗ ಬಸ್ಸು ಬ್ಯಾಡ.”

ಕಿಟಕಿಯಿಂದ ಹೆಣ್ಣುಮಕ್ಕಳು ಗದ್ದಲ ಶುರು ಮಾಡಿದರು. “ಹತ್ರಿ ಅಕ್ಕಾರ! ನಿಮ್ಮಂಥಾರು ಹಿಂಗ ಬ್ಯಾಡ ಬ್ಯಾಡ ಅಂದ್ರ ನಾಳೆ ನಮಗೂ ಬಂದ್ ಮಾಡ್ತಾರ!” ಡ್ರೈವರ್ ಹಾರ್ನ್ ಬಾರಿಸಿದ. ನನ್ನ ಸೊಸೆ ನಗು ತಡೆಯಲಾರದೆ ಆ ಕಡೆ ಮುಖ ಮಾಡಿದಳು.

ಆಗ ಬಸ್ಸಿನ ಹಿಂದಿನ ಬಾಗಿಲಿನಿಂದ ರುಮಾಲು ಸುತ್ತಿದ ಅಜ್ಜರೊಬ್ಬರು ನಿಧಾನಕ್ಕೆ ಇಳಿದು ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದರು. “ತಂಗೀ, ಜಗಳ ಯಾಕ? ನೀ ಬಸ್ಸಿನ್ಯಾಗ ಹೋಗು. ಗಂಡಸ್ರಿಗೆ ಹೆಂಗೂ ಟಿಕೀಟ್ ಐತಿ, ನಾ ಇದನ್ನ ಹೊಡಕೊಂಡು ಬರ್ತೇನಿ,” ಎಂದವರೇ ಒಂದು ಕಾಲು ಆಚೆ ಹಾಕಿಬಿಟ್ಟಿದ್ದರು.

ಸೊಸೆಯ ಉಡಿ

ಹಿರೇಬೆಂಡಿಗೇರಿಯಲ್ಲಿ ನಾವು ಒಂದು ಮನೆಯ ಮುಂದೆ ನಿಂತು ಕೇಳಿದ್ದು ಕುಡಿಯುವ ನೀರು. ಮಾತಿಗೆ ಮಾತು ಬೆಳೆದು ಆ ಮನೆಯಾಕೆ ನನ್ನ ನೆಗೆಣ್ಣಿಯ ತವರಿನ ಕಡೆಯವಳೆಂದು ಗೊತ್ತಾಯಿತು. ಮುಗಿಯಿತು. ರೊಟ್ಟಿ, ಮುಳಗಾಯಿ ಪಲ್ಯ, ಗಟ್ಟಿ ಮೊಸರು, ಮೇಲೆ ಒಂದು ತಾಸು ನೆಂಟಸ್ತಿಕೆ.

ಹೊರಡುವಾಗ ಆಕೆ ಬಾಗಿಲಿಗೆ ಅಡ್ಡ ನಿಂತಳು. “ಮುತ್ತೈದೇರು ಬರೀ ಉಡಿಲೆ ಹೋಗಬಾರದ್ರೀ.”

ನನಗೆ ಕಷ್ಟವಾಗಲಿಲ್ಲ, ಸೀರೆಯ ಸೆರಗು ಒಡ್ಡಿದೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬೆಲ್ಲದಚ್ಚು, ಕುಬ್ಬಸದ ಕಣ ಬಿದ್ದವು. ಸೊಸೆ ತೊಟ್ಟದ್ದು ಪ್ಯಾಂಟು, ಟೀ ಶರ್ಟು. ಮನೆಯಾಕೆ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಯವ್ವಾ, ನಿನಗ ಸೆರಗ ಇಲ್ಲಲ್ಲ. ಎಲ್ಲಿ ತುಂಬಲಿ?”

ಸೊಸೆ ಒಂದು ಕ್ಷಣ ಯೋಚಿಸಿ, ತಲೆಯ ಮೇಲಿನ ಹೆಲ್ಮೆಟ್ ತೆಗೆದು ಅಂಗಾತ ತಿರುಗಿಸಿ ಒಡ್ಡಿದಳು. ಮನೆಯಾಕೆಗೆ ಅದು ಸಮ್ಮತವಾಯಿತು. ಹೆಲ್ಮೆಟ್ಟಿನ ಅಂಚಿಗೆ ಅರಿಷಿಣ ಕುಂಕುಮ ಹಚ್ಚಿ, ಬೊಗಸೆ ತುಂಬ ಅಕ್ಕಿ ಹಾಕಿದಳು. ಆದರೆ ಸೈಕಲ್ಲಿನ ಹೆಲ್ಮೆಟ್ಟಿಗೆ ಗಾಳಿಯಾಡಲು ಉದ್ದುದ್ದ ಕಂಡಿಗಳಿರುತ್ತವೆ. ಹಾಕಿದ ಅಕ್ಕಿಯೆಲ್ಲ ಆ ಕಂಡಿಗಳಿಂದ ಸುರ್ರನೆ ಹೊಸ್ತಿಲ ಮೇಲೆ ಬಿತ್ತು.

ಮನೆಯಾಕೆ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಬಹಳ ಮರುಕದಿಂದ ನನ್ನ ಸೊಸೆಗೆ ಹೇಳಿದಳು: “ಟೀಚರ್ ಅಂತೀ, ಕಲತಾಕಿ ಅಂತೀ. ತಗೊಳ್ಳೂವಾಗ ತೂತು ಅದಾವೇನಂತ ನೋಡಿ ತಗೋಬಾರದೇನವಾ?”

ಹುರುಳಿಯ ಮೇಲೆ

ಇಲ್ಲೊಂದು ಮಾತು ಹೇಳಬೇಕು. ಉಡಿ ತುಂಬಿದ್ದನ್ನು ದಾರಿಯಲ್ಲಿ ಯಾರಿಗೂ ಕೊಡುವಂತಿಲ್ಲ, ಎಲ್ಲಿಯೂ ಬಿಡುವಂತಿಲ್ಲ, ಮನೆ ಮುಟ್ಟಿಸಬೇಕು. ಒಂದು ಊರಿನ ನೆಂಟರು ಉಡಿ ತುಂಬಿ ಕಳಿಸಿ, ಮುಂದಿನ ಊರಿನ ನೆಂಟರಿಗೆ ಫೋನ್ ಮಾಡುತ್ತಿದ್ದರು. ಶಿಗ್ಗಾಂವಿ ಬಿಡುವಾಗ ನನ್ನ ಕ್ಯಾರಿಯರಿನ ಚೀಲದಲ್ಲಿ ಆರು ಕಾಯಿ. ಬೆಟ್ಟ ಹತ್ತುವುದು ಕಷ್ಟ ಎನ್ನುತ್ತಾರೆ. ಆರು ಕಾಯಿ ಮತ್ತು ಮೂರು ಸೇರು ಅಕ್ಕಿ ಕಟ್ಟಿಕೊಂಡು ಎದುರುಗಾಳಿಯಲ್ಲಿ ಸಪಾಟು ರಸ್ತೆ ತುಳಿದವರಿಗೆ ಬೆಟ್ಟದ ಮಾತು ಬೇಕಾಗಿಲ್ಲ.

ಸವಣೂರು ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳು ಡಾಂಬರಿನ ಮೇಲೆ ಹುರುಳಿ ಹಾಸಿದ್ದಳು. ಹೋಗುವ ಗಾಡಿಗಳು ತುಳಿದರೆ ಒಕ್ಕಣೆ ತಾನೇ ಆಗುತ್ತದೆ. ನಾವು ಸೌಜನ್ಯಕ್ಕೆಂದು ಪಕ್ಕಕ್ಕೆ ಸರಿದೆವು.

“ಬಾಜೂಕ ಯಾಕ ಹೊಕ್ಕೀರಿ? ಮ್ಯಾಲೆ ಹೊಡೀರಿ, ಮ್ಯಾಲೆ!” ಎಂದು ಕೂಗಿದಳು.

ಹುರುಳಿಯ ಮೇಲೆ ಸೈಕಲ್ ತುಳಿಯುವುದು ಸುಲಭವಲ್ಲ. ಗಾಲಿ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತುತ್ತದೆ. ಹೇಗೋ ದಾಟಿದೆವು. ಅವಳು ಒಂದು ಹಿಡಿ ಎತ್ತಿ ಊದಿ ನೋಡಿದಳು. “ಏನೂ ಒಡದಿಲ್ಲರೀ. ಮತ್ತೊಮ್ಮೆ ಹೊಡೀರಿ.” ಮತ್ತೊಮ್ಮೆ ಹೊಡೆದೆವು. “ಇನ್ನೊಮ್ಮೆ ಬರ್ರಿ, ಈ ಕಡಿ ದಂಡೀಗೆ.” ಹೀಗೆ ಐದು ಸಲ ಹೋಗಿ ಬಂದೆವು. ಅಷ್ಟರಲ್ಲಿ ಒಂದು ಲಾರಿ ಬಂದು ಒಂದೇ ಏಟಿಗೆ ಅರ್ಧ ಹುರುಳಿ ಒಕ್ಕಿಬಿಟ್ಟಿತು.

ಅವಳು ಲಾರಿಯನ್ನು ನೋಡಿದಳು, ನನ್ನ ಕ್ಯಾರಿಯರಿನ ಚೀಲವನ್ನು ಮುಟ್ಟಿ ನೋಡಿದಳು. “ಇನ್ನೊಂದು ಹತ್ತು ಕಾಯಿ ಹೇರಿಕೊಂಡು ಬಂದಿದ್ರ,” ಎಂದಳು, “ನೀವೂ ಕೆಲಸಕ್ಕ ಬರ್ತಿದ್ರಿ.”

ಎರಡು ಬೀಡಿಯ ದಾರಿ

ಸವಣೂರು ದಾಟಿದ ಮೇಲೆ ಯಲವಿಗಿಗೆ ಒಳದಾರಿ ಇದೆಯೆಂದು ಒಬ್ಬ ರೈತ ಹೇಳಿದ. “ಎರಡು ಬೀಡಿ ಸೇದೂದ್ರಾಗ ಮುಟ್ಟತೀರಿ.” ನಾವಿಬ್ಬರೂ ಬೀಡಿ ಸೇದುವವರಲ್ಲ. ಒಂದು ಬೀಡಿ ಎಷ್ಟು ಹೊತ್ತು ಉರಿಯುತ್ತದೆಂದು ಕೇಳಿಕೊಳ್ಳದೆ ಹೊರಟದ್ದು ನಮ್ಮದೇ ತಪ್ಪು.

ಎರೆ ಹೊಲದ ನಡುವಿನ ಬಂಡಿದಾರಿ. ನೆಲ ಬಾಯಿಬಿಟ್ಟು ಒಂದೊಂದು ಬಿರುಕೂ ಗಾಲಿಯ ಅಳತೆಗೇ ಕೊರೆದಂತಿತ್ತು. ಎಲ್ಲಿಯೂ ಒಂದು ಗಿಡದ ನೆರಳಿಲ್ಲ. ಗಿಡ ಇದ್ದಲ್ಲಿ ಅದು ಜಾಲಿ, ಅದರ ನೆರಳಿಗಿಂತ ಮುಳ್ಳೇ ಹೆಚ್ಚು. ಮೊದಲು ನನ್ನ ಹಿಂದಿನ ಗಾಲಿ ಹೋಯಿತು, ಆಮೇಲೆ ಮುಂದಿನದು, ಆಮೇಲೆ ಅವಳ ಎರಡೂ. ದಾರಿ ತೋರಿಸಿ ತೋರಿಸಿ ಮೊಬೈಲೂ ಪ್ರಾಣ ಬಿಟ್ಟಿತು. ಸೈಕಲ್ ನೂಕುತ್ತ ನಡೆದೆವು. ನನ್ನ ಎಡ ಮೊಣಕಾಲು ನಾನು ಹೇಳಿದ್ದನ್ನು ಕೇಳುವುದನ್ನು ಬಿಟ್ಟಿತ್ತು.

ಆಗ ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂತು. ಯಲವಿಗಿಗೇ ಹೊರಟದ್ದು. ಟ್ರೇಲರ್ ಖಾಲಿ. ಡ್ರೈವರ್ ನಿಲ್ಲಿಸಿ, “ಹತ್ರಿ ಅವ್ವಾರ,” ಎಂದ.

ಸೊಸೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅತ್ತಿ, ಹತ್ರಿ. ಮಾವಾರಿಗೆ ನಾ ಹೇಳಂಗಿಲ್ಲ. ನೀವೂ ಬರೀಬ್ಯಾಡ್ರಿ.”

ನಿಜ ಹೇಳುತ್ತೇನೆ, ನನ್ನ ಕೈ ಟ್ರೇಲರಿನ ಹಲಗೆ ಹಿಡಿದಿತ್ತು. ಆದರೆ ಬರೆಯಬಾರದ ದಿನವೊಂದು ನನ್ನ ನೋಟುಬುಕ್ಕಿನಲ್ಲಿ ಇವತ್ತಿನವರೆಗೆ ಇಲ್ಲ. ಕೈ ಬಿಟ್ಟೆ. “ನಾ ಹತ್ತಬಾರದಂತ ಐತಿ,” ಎಂದೆ. “ಕಾಯಿ ಹತ್ತಬಾರದಂತ ಇಲ್ಲ.”

ಕಾಯಿ, ಅಕ್ಕಿ, ಕಣ, ಎಲ್ಲವನ್ನೂ ಟ್ರೇಲರಿಗೆ ಏರಿಸಿ, ಸೊಸೆಯ ತವರಿನ ಗುರುತು ಹೇಳಿದೆ. “ಇದನ್ನ ಅವರ ಮನಿಗೆ ಮುಟ್ಟಿಸು. ನಾವು ಹಿಂದಿಂದ ಬರಾಕತ್ತೇವಿ ಅಂತ ಹೇಳು.” ಅವನು ಆಯಿತೆಂದು ಹೋದ. ನಾವು ನಡೆದೆವು. ಎರಡು ಬೀಡಿಯ ದಾರಿಗೆ ಎರಡೂವರೆ ತಾಸು ಹಿಡಿಯಿತು. ಊರ ಮುಂದೆ ಪಂಕ್ಚರ್ ತಿದ್ದುವವ ನನ್ನ ಗಾಲಿ ಬಿಚ್ಚಿ ನೋಡಿ, “ಇದು ಟಾಯರ್ ಅಲ್ಲರೀ, ಬೇಲಿ,” ಎಂದ.

ಬೀಗಿತ್ತಿಯ ಮನೆಯ ಬಾಗಿಲಿಗೆ ಬಂದರೆ ಅಂಗಳ ಗುಡಿಸಿ ರಂಗೋಲಿ ಹಾಕಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅದರ ನಡುವೆ ನಮ್ಮ ಟ್ರ್ಯಾಕ್ಟರ್ ಡ್ರೈವರ್ ಕುಳಿತಿದ್ದ, ಮುಂದೆ ಶಿರಾ, ಉಪ್ಪಿಟ್ಟು, ಬಾಳೆಹಣ್ಣು. ಸೊಸೆಯ ತಂಗಿ ರೇಷ್ಮೆ ಸೀರೆ ಉಟ್ಟು, ಮುಖ ಗಂಟು ಹಾಕಿಕೊಂಡು, ಚಹಾದ ಟ್ರೇ ಹಿಡಿದು ನಿಂತಿದ್ದಳು.

ಆಗಿದ್ದು ಇಷ್ಟು. ಯಾರೋ ಅಪರಿಚಿತ ಹುಡುಗ ಅರಿಷಿಣ ಕುಂಕುಮ ಹಚ್ಚಿದ ಕಾಯಿ, ಅಕ್ಕಿ, ಕಣ ತಂದು ಇಳಿಸಿ, “ಹಿಂದಿಂದ ಹಿರ್ಯಾರು ಬರಾಕತ್ತಾರ,” ಎಂದಿದ್ದಾನೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಇದಕ್ಕೆ ಒಂದೇ ಅರ್ಥ.

ನಾನು ಅವನನ್ನು ನೋಡಿದೆ. ಅವನು ತಟ್ಟೆ ಬಿಡದೆ ಎದ್ದು ನಿಂತ. “ಹುಡುಗಿ ಭಾಳ ಚಲೋ ಅದಾಳ್ರೀ ಅವ್ವಾರ. ಆದ್ರ ನನಗ ಎರಡು ಮಕ್ಕಳದಾವು. ಮೂರು ಸಲ ಹೇಳಾಕ ಬಾಯಿ ತೆಗದೆ, ಮೂರೂ ಸಲ ಶಿರಾ ಹಾಕಿದ್ರು.”

ಕಾಯಿ ಒಡೆಸಿದ್ದು

ಬೀಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನಮ್ಮಿಬ್ಬರಿಗೂ ಜೋಡಿ ಕಾಯಿಯ ಉಡಿ ತುಂಬಿದಳು. ಸವಣೂರಿನಲ್ಲಿ ಬಂದ ಒಂದೂ ಸೇರಿ ಈಗ ಹನ್ನೊಂದು ಕಾಯಿ. ನನ್ನ ಸೈಕಲ್ಲಿನ ಸ್ಟ್ಯಾಂಡು ಬಾಗಿತು.

ಹಾವೇರಿ ದಾಟಿದ ಮೇಲೆ ಸೊಸೆಗೆ ಒಂದು ಉಪಾಯ ಹೊಳೆಯಿತು. “ಅತ್ತಿ, ಜನರಿಗೆ ಕೊಡಬಾರದು ಖರೆ. ದೇವರಿಗೆ ಕೊಡಬಹುದಲ್ಲ?” ಓದಿದ ಸೊಸೆ ಇರಬೇಕು ಎನ್ನುವುದು ಇದಕ್ಕೇ. ದಾರಿಯ ಪಕ್ಕದ ಹನುಮಪ್ಪನ ಗುಡಿಯಲ್ಲಿ ಹನ್ನೊಂದೂ ಕಾಯಿಗಳನ್ನು ಪೂಜಾರಪ್ಪನ ಮುಂದಿಟ್ಟೆವು. ಇಷ್ಟು ಭಕ್ತಿ ಆತ ಇತ್ತೀಚೆಗೆ ಕಂಡಿರಲಿಲ್ಲ. ಒಂದೊಂದನ್ನೇ ಒಡೆದು, ಮಂಗಳಾರತಿ ಮಾಡಿ, ಪ್ರಸಾದವೆಂದು ಇಪ್ಪತ್ತೆರಡು ಹೋಳುಗಳನ್ನೂ ನಮ್ಮ ಚೀಲಕ್ಕೇ ತಿರುಗಿ ಹಾಕಿದ. ಪ್ರಸಾದ ಬ್ಯಾಡ ಅನ್ನಲು ಬಾಯಿ ಬರುತ್ತದೆಯೇ? ಇಳಿದದ್ದು ಒಳಗಿನ ನೀರಿನ ಭಾರ ಒಂದೇ.

ಅಷ್ಟಾದರೂ ಇಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಸೈಕಲ್ ಹತ್ತುವಷ್ಟರಲ್ಲಿ ಪೂಜಾರಪ್ಪನ ಹೆಂಡತಿ ಒಳಗಿನಿಂದ ಓಡಿ ಬಂದಳು. “ಅಯ್ಯ, ನಿಂದರ್ರಿ! ಇಷ್ಟು ಕಾಯಿ ಒಡಿಸಿದ ಮುತ್ತೈದೇರನ್ನ ಬರೀ ಉಡಿಲೆ ಹೆಂಗ ಕಳಸಲಿ?” ಅವಳ ಎರಡೂ ಕೈಯಲ್ಲಿ ಒಂದೊಂದು ಕಾಯಿ.

ಅಳಿಯಂದಿರು

ಕೊನೆಯ ದಿನ. ತವರೂರು ಇನ್ನು ಮೂರು ನಾಲ್ಕು ಮೈಲಿ ಇತ್ತು. ಇಷ್ಟು ದಿನ ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಹಿಂದಿನಿಂದ ಫಟಫಟಿಯ ಸದ್ದು ಕೇಳಿತು. ತಿರುಗಿ ನೋಡಿದರೆ ನಮ್ಮ ಮನೆಯವರು. ಮಾವನ ಮನೆಗೆಂದು ಇಸ್ತ್ರಿಯ ಬಿಳಿ ಅಂಗಿ, ಹೊಸ ಟೋಪಿ, ಕರ‍್ರ್ ಕರ‍್ರ್ ಎನ್ನುವ ಹೊಸ ಚಪ್ಪಲಿ. ಹಾನಗಲ್ಲಿನಿಂದ ನೇರ ದಾರಿಯಲ್ಲಿ ಬಂದು, ನನ್ನನ್ನು ಹುಡುಕಿಕೊಂಡು ಹಿಂದಿನ ಕೂಡುರಸ್ತೆಯಲ್ಲಿ ನಮ್ಮ ದಾರಿ ಸೇರಿದ್ದರು.

“ಹತ್ತು,” ಎಂದರು.

“ಷರತ್ತು?”

“ಯಾರೂ ನೋಡಾಕತ್ತಿಲ್ಲ. ಅಳಿಯ ಗಾಡಿ ಮ್ಯಾಲೆ, ಮಗಳು ಸೈಕಲ್ ಮ್ಯಾಲೆ ಊರಾಗ ಬಂದ್ರ ಜನ ಏನಂತಾರ?”

“ಏನಂತಾರೋ ಅದನ್ನೂ ಬರಕೊಂತೇನಿ. ನೀವು ಮುಂದ ಹೋಗ್ರಿ.”

ಅವರು ಹೋಗಲಿಲ್ಲ. ನಾನು ಇವತ್ತಾದರೂ ಸೋಲುತ್ತೇನೆಂಬ ಆಸೆಯಿಂದ ಪಕ್ಕದಲ್ಲೇ, ನನ್ನ ವೇಗಕ್ಕೇ, ಗಾಡಿ ನಡೆಸಿದರು. ಏರು ಬಂದಾಗ ನಾನು ಇಳಿದು ನೂಕಿದೆ. ಅವರು ಮೊದಲ ಗೇರಿನಲ್ಲಿ ಕಾಲು ನೆಲಕ್ಕೆ ಊರುತ್ತ ಬಂದರು. “ಹತ್ತು.” “ಬ್ಯಾಡ.” “ಮೊಣಕಾಲು ನೋವೈತಿಲ್ಲ?” “ಐತಿ. ಬ್ಯಾಡ.” ಹಿಂದೆ ಸೊಸೆ ಏನೂ ಕೇಳಿಸದವಳಂತೆ ಹೊಲ ನೋಡುತ್ತ ಬರುತ್ತಿದ್ದಳು. ಮುಕ್ಕಾಲು ತಾಸು ಹೀಗೇ ನಡೆಯಿತು. ಊರು ಒಂದು ಮೈಲಿ ಇರುವಾಗ ಫಟಫಟಿ ಎರಡು ಸಲ ಕೆಮ್ಮಿ ನಿಂತಿತು.

ಒದ್ದರು. ಏಳಲಿಲ್ಲ. ಟಾಕಿ ತೆರೆದು, ಗಾಡಿ ಅಲುಗಾಡಿಸಿ, ಕಿವಿಗೊಟ್ಟರು. ಪೆಟ್ರೋಲ್ ಪಂಪು ಎಲ್ಲಿದೆಯೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಅದು ದಾರಿಯಲ್ಲಿ ಬಹಳ ಹಿಂದೆ ಉಳಿದಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ತವರಿನಲ್ಲಿ ಹೋಳಿಗೆ ಆರುತ್ತಿತ್ತು. ಗಾಡಿಯನ್ನು ಪಕ್ಕದ ಹೊಲದವರ ಗುಡಿಸಲಿಗೆ ಒರಗಿಸಿ, ಅವರು ಇಪ್ಪತ್ತು ಹೆಜ್ಜೆ ನಡೆದರು. ಹೊಸ ಚಪ್ಪಲಿ ಕಚ್ಚಿತು. ನಿಂತರು. ರಸ್ತೆ ನೋಡಿದರು, ಆಕಾಶ ನೋಡಿದರು, ಕೊನೆಗೆ ನನ್ನ ಸೈಕಲ್ಲಿನ ಹಿಂಭಾಗ ನೋಡಿದರು.

“ಕ್ಯಾರಿಯರ್ ಗಟ್ಟಿ ಐತೇನು?”

“ಕುಂದರ್ರಿ,” ಎಂದೆ.

ಸೊಸೆ ಚೀಲವನ್ನೆಲ್ಲ ತನ್ನ ಸೈಕಲ್ಲಿಗೆ ಕಟ್ಟಿಕೊಂಡಳು. ನಮ್ಮ ಮನೆಯವರು ಒಣ ತೊಗರಿ ಕಟ್ಟಿಗೆಯಂಥ ಮನುಷ್ಯ, ಭಾರವಿಲ್ಲ. ಮುಂದಿನ ದಾರಿ ಕೆರೆಯ ಏರಿ, ಆಮೇಲೆ ಇಳಿಜಾರು. ಒಂದೇ ಮಗ್ಗುಲಿಗೆ ಎರಡೂ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ನನ್ನ ಸೀಟಿನ ಸ್ಪ್ರಿಂಗು ಹಿಡಿದು ಕುಳಿತರು. ಏರಿಯ ಮೇಲೆ ಎಮ್ಮೆ ಮೈ ತೊಳೆಯುತ್ತಿದ್ದವರು ತೊಳೆಯುವುದನ್ನು ಬಿಟ್ಟು ನಿಂತರು. ನಮ್ಮ ಮನೆಯವರು ಎಲ್ಲರಿಗೂ ಗಂಭೀರವಾಗಿ ತಲೆಯಾಡಿಸುತ್ತ ಬಂದರು, ಬೇರೇನು ಮಾಡಲು ಸಾಧ್ಯವಿತ್ತು?

ತವರಿನ ಬಾಗಿಲಲ್ಲಿ ನಮ್ಮ ತಮ್ಮ ಅಳಿಯಂದಿರ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದ. ಸೈಕಲ್ ನೋಡಿ ತಂಬಿಗೆಯ ನೀರನ್ನೆಲ್ಲ ತನ್ನ ಕಾಲ ಮೇಲೇ ಚೆಲ್ಲಿಕೊಂಡ. ಓಣಿಯ ಜನವೆಲ್ಲ ಸೇರಿತು. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಚಿಗವ್ವ, ಎಂಬತ್ತು ದಾಟಿದವಳು, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು, ಕ್ಯಾರಿಯರಿನಿಂದ ಇಳಿಯುತ್ತಿದ್ದ ನಮ್ಮ ಮನೆಯವರನ್ನು ನೋಡಿದಳು.

“ಯಾಕವಾ ಮಗಳ?” ಎಂದಳು ನೊಂದ ದನಿಯಲ್ಲಿ. “ಇಷ್ಟು ವರ್ಷ ಬಾಳೇವು ಮಾಡಿ ಈಗ ಇವರನ್ನ ತಂದು ಬಿಡಾಕ ಬಂದೀಯೇನು? ಏನ ತಪ್ಪು ಮಾಡಿದ್ರೂ ಹೊಟ್ಟ್ಯಾಗ ಹಾಕ್ಕೋಬೇಕವಾ, ಪಾಪ, ಒಳ್ಳೇ ಗಂಡಸು.”

ನಮ್ಮ ಮನೆಯವರು ಟೋಪಿ ಸರಿ ಮಾಡಿಕೊಂಡು, ಬಗ್ಗಿ ಚಿಗವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. “ಇಲ್ಲರೀ ಅತ್ತಿ, ಮೂರು ದಿನ ಇಟ್ಟು ತಿರುಗಿ ಕರಕೊಂಡು ಹೊಕ್ಕಾಳಂತ. ಅದಕ್ಕ ಸೈಕಲ್ ಅಟ್ಟಕ್ಕ ಹಾಕೂದು ಸದ್ಯಕ್ಕ ಬ್ಯಾಡಂತ ಮಾಡೇನಿ.”